ಮೇಷ್ಟ್ರ ನೀರಿನ ಪಾಠ

ನಮ್ಮ ಬೀದಿಯಲ್ಲಿ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ನಿಜವಾದ ಶಾಲಾ ಮೇಷ್ಟ್ರೊಬ್ಬರು ಎದುರು ಮನೆಯಲ್ಲೇ ಇದ್ದರು. ಅವರನ್ನು ಕೇಳಿಕೊಂಡು ಬಂದವರನ್ನೂ ಜನ ತಪ್ಪದೆ ಇವರ ಮನೆಗೇ ಕಳಿಸುತ್ತಿದ್ದರು. ಎದುರು ಮನೆಯವರು ಕೊನೆಗೆ ಬೇಸತ್ತು ತಮ್ಮ ಗೇಟಿಗೆ ಒಂದು ಫಲಕ ಬರೆಸಿ ಹಾಕಿಕೊಂಡಿದ್ದರು.

ನಾನು ಹಳ್ಳಿಯಿಂದ ಓದಿ ಬಂದು ಮೊದಲ ಕೆಲಸಕ್ಕೆ ಸೇರಿದಾಗ ಮೇಷ್ಟ್ರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾರು ಕಲಿತದ್ದೂ ಅವರ ಬಳಿಯೇ. ಮುಂದೆ ಬರೆಯುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದು ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಹೇಳಿದ್ದು, ಮತ್ತೆ ಸ್ವಲ್ಪ ಮೇಷ್ಟ್ರೇ ಬಹಳ ದಿನಗಳ ಮೇಲೆ, ನೆಲ ನೋಡುತ್ತಾ ಹೇಳಿದ್ದು.

ಅವರದು ತೆಳ್ಳಗಿನ, ಬಾಗದ ಮೈ. ತಲೆಯ ಮೇಲೆ ಬಣ್ಣ ಹೋದ ಟೋಪಿ. ಕಲಿಯುವವರ ಪಕ್ಕದ ಸೀಟಿನಲ್ಲಿ ಅವರ ಕಾಲಿಗೊಂದು ಬ್ರೇಕ್ ಬೇರೆಯಾಗಿ ಕೂರಿಸಿತ್ತು. ಆ ಬ್ರೇಕ್ ತುಳಿದು ತುಳಿದು ಅವರ ಬಲಗಾಲಿನ ಷೂ ಹಾಳೆಯಂತೆ ಸವೆದಿತ್ತು, ಎಡಗಾಲಿನದು ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಎರಡನ್ನೂ ಒಂದೇ ದಿನ ಕೊಂಡದ್ದು ಎಂದರೆ ಯಾರೂ ನಂಬುತ್ತಿರಲಿಲ್ಲ. ಊರಿನ ಯಾವ ಮೂಲೆಯಲ್ಲಾದರೂ ಕಾರೊಂದು ಅಚ್ಚುಕಟ್ಟಾಗಿ ನಿಂತಿದ್ದರೆ, ಇಕ್ಕಟ್ಟಿನ ತಿರುವಿನಲ್ಲಿ ಯಾರಾದರೂ ಗೋಡೆಗೆ ತಾಗಿಸದೆ ದಾಟಿಸಿದರೆ, ಮೇಷ್ಟ್ರು ಗದ್ದ ಎತ್ತಿ, "ಅದು ನಾನು ಕಲಿಸಿದ್ದು" ಎನ್ನುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅದು ನಿಜವೇ ಆಗಿರುತ್ತಿತ್ತು. ಉಳಿದ ಎರಡು ಸಲವೂ ಯಾರೂ ಅಲ್ಲ ಎನ್ನುತ್ತಿರಲಿಲ್ಲ.

ಮೇಷ್ಟ್ರು ಶಾಲೆಯನ್ನು ಅರ್ಧಕ್ಕೆ ಬಿಟ್ಟು ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದವರು. ಲಾರಿಯ ಮುದುಕ ಡ್ರೈವರ್ ಅವರಿಗೆ ವಿದ್ಯೆ ಕಲಿಸಿದ. ಸೇತುವೆಯಿಲ್ಲದ ಹಳ್ಳವೊಂದರಲ್ಲಿ, ಚಕ್ರ ಮುಳುಗುವಷ್ಟು ನೀರಿನಲ್ಲಿ ಲಾರಿ ಇಳಿಸಿ, ಇವರ ಮಂಡಿಯ ಮೇಲೆ ಕೋಲು ಇಟ್ಟುಕೊಂಡು ಕೂತಿದ್ದನಂತೆ. ಎಕ್ಸಲೇಟರಿನಿಂದ ಕಾಲು ಮೇಲೆ ಬಂದರೆ ಕೋಲು ಕೆಳಗೆ ಬರುತ್ತಿತ್ತು. ಸೈಲೆನ್ಸರ್ ಹೊಗೆ ಉಗುಳುತ್ತಾ ಇರುವವರೆಗೂ ನೀರು ಒಳಗೆ ಬರುವುದಿಲ್ಲ, ಕಾಲು ತೆಗೆದರೆ ಗಾಡಿ ನೀರು ಕುಡಿಯುತ್ತದೆ ಎಂಬುದು ಆ ಮುದುಕನ ಪಾಠ. ಅದರ ಜೊತೆಗೆ ಇನ್ನೊಂದು: ಅಪಾಯದ ಜಾಗದಲ್ಲಿ ಗಾಡಿ ನಿಂತೇ ಹೋದರೆ ಫಸ್ಟ್ ಗೇರಿಗೆ ಹಾಕಿ, ಕೀ ತಿರುಗಿಸಿ ಸೆಲ್ಫ್ ಹೊಡಿ, ಬ್ಯಾಟರಿಯ ಬಲದ ಮೇಲೇ ಗಾಡಿ ತೆವಳಿಕೊಂಡು ಆಚೆ ಬರುತ್ತದೆ.

ಎರಡನೆಯದು ಮೇಷ್ಟ್ರ ಜೀವ ಉಳಿಸಿತ್ತು. ರೈಲು ಹಳಿಯ ಮೇಲೆ ಲಾರಿ ನಿಂತು, ರೈಲು ಬರುವ ಹೊತ್ತಾಗಿ, ಅವರು ಸೆಲ್ಫ್ ಹೊಡೆಯುತ್ತಾ ಹೊಡೆಯುತ್ತಾ ಲಾರಿಯನ್ನು ಹಳಿಯಿಂದ ಇಳಿಸಿದ ಕಥೆಯನ್ನು ಪ್ರತಿಯೊಬ್ಬ ಶಿಷ್ಯನಿಗೂ ಹೇಳುತ್ತಿದ್ದರು. ಹಳೆಯ ಶಿಷ್ಯರು ಕೇಳಿದ ಕಥೆಯಲ್ಲಿ ರೈಲು ಇನ್ನೂ ದೂರದ ತಿರುವಿನಲ್ಲಿತ್ತು. ನನ್ನ ಸರದಿ ಬರುವ ಹೊತ್ತಿಗೆ ರೈಲಿನ ಗಾಳಿಗೆ ಅವರ ಟೋಪಿ ಹಾರಿಹೋಗುವಷ್ಟು ಹತ್ತಿರ ಬಂದಿತ್ತು.

ಈ ಎರಡನ್ನೂ ಸೇರಿಸಿ ಮೇಷ್ಟ್ರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಅದರ ಹೆಸರು ನೀರಿನ ಪಾಠ. ನಮ್ಮ ರಸ್ತೆಯ ಕೊನೆಯಲ್ಲಿ ರೈಲು ಹಳಿಯ ಕೆಳಗೆ ಹಾದುಹೋಗುವ ಅಂಡರ್‌ಪಾಸ್ ಇದೆ. ಒಂದು ಜೋರು ಮಳೆ ಬಂದರೆ ಅದು ತೊಟ್ಟಿಯಾಗುತ್ತದೆ. ಮೇಷ್ಟ್ರ ಶಿಷ್ಯರಿಗೆ ಅದೇ ಕೊನೆಯ ಪರೀಕ್ಷೆ. ಬೇಸಿಗೆಯಲ್ಲಿ ಕಲಿತವರಿಗೆ ಲೈಸೆನ್ಸ್ ಬಂದಿದ್ದರೂ ಮೇಷ್ಟ್ರು ಒಪ್ಪುತ್ತಿರಲಿಲ್ಲ. "ಸರ್ಕಾರ ಪಾಸ್ ಮಾಡಿರಬಹುದು, ನಾನು ಇನ್ನೂ ಮಾಡಿಲ್ಲ. ಮಳೆ ಬಂದಾಗ ಬಾ" ಎನ್ನುತ್ತಿದ್ದರು. ಜನ ಬರುತ್ತಿದ್ದರು ಕೂಡ. ಮೋಡ ಕಟ್ಟಿದ ದಿನ ಆಫೀಸಿಗೆ ರಜೆ ಹಾಕಿ ಬಂದವರನ್ನು ನಾನೇ ನೋಡಿದ್ದೇನೆ. ಹಳೆಯ ಕಲಿಕೆಯ ಕಾರು ಗರ್ಜಿಸುತ್ತಾ ನೀರು ಸೀಳಿಕೊಂಡು ಆಚೆ ದಡ ಸೇರಿದರೆ, ಅಲ್ಲಿನ ಬೇಕರಿಯಲ್ಲಿ ಶಿಷ್ಯನ ಕೈಯಿಂದ ಮೇಷ್ಟ್ರಿಗೊಂದು ಬನ್ನು. ಮೋಡ ನೋಡಿ ಬೇಕರಿಯವನು ಬನ್ನು ಹೆಚ್ಚು ತರಿಸಿ ಇಡುತ್ತಿದ್ದ.

ಟೈಲರಕ್ಕ ಅವರ ಬಳಿ ಕಲಿಯಲು ಬಂದದ್ದು ನಾನು ಕಲಿತ ಮರುವರ್ಷ. ನಲವತ್ತು ದಾಟಿದ ಹೆಂಗಸು. ಗಂಡನಿಗೆ ದೂರದ ಊರಿನಲ್ಲಿ ಕೆಲಸ, ಮನೆಯಲ್ಲಿ ಗಂಡನ ಅಣ್ಣನದೇ ಯಜಮಾನಿಕೆ. ಅಂಡರ್‌ಪಾಸಿನ ಆಚೆಗಿರುವ ಆಸ್ಪತ್ರೆಗೆ ಹಾಸಿಗೆಯ ಹೊದಿಕೆ, ದಿಂಬಿನ ಚೀಲ ಹೊಲಿದು ವಾರ ವಾರ ಮುಟ್ಟಿಸುವುದು ಅಕ್ಕನ ಕೆಲಸ. ಗಂಟುಗಳನ್ನು ಹೊರಲಾರದೆ, ಭಾವನ ಸ್ಕೂಟರಿಗೆ ಕಾದು ಕಾದು ಬೇಸತ್ತು, ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡಿದ್ದರು. ಭಾವ ಅದನ್ನು ನೋಡಿ, ಸೂಜಿಗೆ ದಾರ ಪೋಣಿಸುವ ಕೈಗೆ ಸ್ಟೇರಿಂಗ್ ಯಾಕೆ ಬೇಕಿತ್ತು ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದರು.

ಆದರೆ ಕೈಗಿಂತ ಮುಖ್ಯವಾದದ್ದು ಕಾಲು. ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಎಷ್ಟು ಅದುಮಿದರೆ ಎಷ್ಟು ಓಡುತ್ತದೆ ಎಂಬ ಲೆಕ್ಕ ಹಿಮ್ಮಡಿಯಲ್ಲೇ ಇತ್ತು. ಬೇರೆಯವರು ಕ್ಲಚ್ ಬಿಡುವಾಗ ಗಾಡಿ ಕುದುರೆಯಂತೆ ಕುಪ್ಪಳಿಸಿದರೆ ಅಕ್ಕನ ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೊರಡುತ್ತಿತ್ತು. ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಹೇಳಿದ್ದರಂತೆ: "ಈ ಹೆಂಗಸಿನ ಕಾಲಿಗೆ ಕಿವಿ ಇದೆ ಕಣೇ. ನಾನು ಹೇಳೋಕೆ ಮುಂಚೆ ಅದಕ್ಕೆ ಕೇಳಿಸುತ್ತೆ." ನೀರಿನ ಪಾಠದ ದಿನ ಅಕ್ಕ ಒಂದೇ ಏಟಿಗೆ ದಾಟಿಸಿದರು. ಮೇಷ್ಟ್ರು ಅವತ್ತು ಬನ್ನಿಗೆ ತಾವೇ ಕಾಸು ಕೊಟ್ಟರು. ಹಿಂದೆ ಯಾರಿಗೂ ಹಾಗೆ ಮಾಡಿದವರಲ್ಲ.

ಮುಂದಿನ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಅಕ್ಕ ತಮ್ಮ ಕಾರಿನಲ್ಲಿ ಗಂಟು ತುಂಬಿಕೊಂಡು ಆಸ್ಪತ್ರೆಗೆ ಹೊರಟರು. ಭಾವನಿಗೂ ಆ ಕಡೆ ಏನೋ ಕೆಲಸವಿತ್ತು, ಪಕ್ಕದಲ್ಲಿ ಕೂತರು. ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಭಾವ ಬೇಡ, ತಿರುಗಿಸು ಎಂದರು. ಅಕ್ಕ, ಮೇಷ್ಟ್ರು ಕಲಿಸಿದ್ದಾರೆ ಎಂದರು. ಕಾಲು ಅದುಮಿ ಇಳಿಸಿದರು. ಕಾರಿನ ಮುಂದೆ ನೀರು ಅಲೆಯಾಗಿ ಎದ್ದಿತು. ಇಂಜಿನ್ ಒಮ್ಮೆ ಕೆಮ್ಮಿ, ನಡು ನೀರಿನಲ್ಲಿ ನಿಂತಿತು. ಅಕ್ಕ ಗಾಬರಿಯಾಗಲಿಲ್ಲ. ಫಸ್ಟ್ ಗೇರ್ ಹಾಕಿ ಸೆಲ್ಫ್ ಹೊಡೆದರು. ಒಳಗಿನಿಂದ ಟಕ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂತು. ಇನ್ನೊಮ್ಮೆ ಹೊಡೆದರು. ಆಮೇಲೆ ಸದ್ದೂ ಇಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದದ್ದು ಮೇಷ್ಟ್ರ ತಮ್ಮನ ಗ್ಯಾರೇಜಿಗೆ. ಮೇಷ್ಟ್ರಿಗೂ ಸುದ್ದಿ ಹೋಯಿತು, ಪಾಠ ನಿಲ್ಲಿಸಿ ಬಂದರು. ಗ್ಯಾರೇಜಿನ ಬಾಗಿಲಲ್ಲಿ ಭಾವ ಪ್ಯಾಂಟಿನ ಕಾಲು ಮಡಚಿಕೊಂಡು ನಿಂತಿದ್ದರು. ಒದ್ದೆಯಾದ ಗಂಟುಗಳನ್ನು ಅಕ್ಕ ಒಂದೊಂದಾಗಿ ಇಳಿಸಿ ಬೆಂಚಿನ ಮೇಲೆ ಇಡುತ್ತಿದ್ದರು. ಕೆಲಸ ನೋಡುವ ನೆಪದಲ್ಲಿ ಅಕ್ಕಪಕ್ಕದ ಅಂಗಡಿಯವರೂ ಸೇರಿದ್ದರು.

ಭಾವ ನಗುತ್ತಲೇ ಕೇಳಿದರು. "ಊರಿಗೆಲ್ಲ ಕಲಿಸಿದ್ದೀರಿ ಮೇಷ್ಟ್ರೇ. ನಮ್ಮ ಮನೆ ಹೆಂಗಸಿಗೆ ಮಾತ್ರ ನಿಮ್ಮ ಪಾಠ ಹತ್ತಲಿಲ್ವಾ?"

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬಾನೆಟ್ ಎತ್ತಿ ನೋಡಲಿಲ್ಲ. ತಮ್ಮನನ್ನು ಏನೂ ಕೇಳಲಿಲ್ಲ.

"ಕಾಲು ತೆಗೆದಿರಬೇಕು" ಎಂದರು. "ತೆಗೆಯದೆ ಹೀಗಾಗಲ್ಲ."

ಅಕ್ಕ ತಮ್ಮ ಒದ್ದೆ ಚಪ್ಪಲಿಯ ಬಲಗಾಲನ್ನು ನೋಡಿಕೊಂಡರು. "ತೆಗೆದ ನೆನಪಿಲ್ಲ ಮೇಷ್ಟ್ರೇ."

"ಭಯದಲ್ಲಿ ನೆನಪಿರಲ್ಲ ತಾಯಿ."

"ಇರಬಹುದು" ಎಂದರು ಅಕ್ಕ.

ಭಾವ ಕೈ ಚಾಚಿದರು. ಅಕ್ಕ ಕಾರಿನ ಕೀಯನ್ನು ಆ ಕೈಗೆ ಹಾಕಿದರು. ಇನ್ನು ಮೇಲೆ ಆಸ್ಪತ್ರೆಯ ಗಂಟಿಗೆ ಸ್ಕೂಟರೇ ಗತಿ, ಕಾರು ರಿಪೇರಿಯಾದರೆ ಮಾರುವುದೇ ಒಳ್ಳೆಯದು ಎಂದು ಭಾವ ಅಲ್ಲೇ ತೀರ್ಮಾನ ಹೇಳಿದರು. ಅಂಗಡಿಯವರಲ್ಲಿ ಒಬ್ಬರು ಹೌದು ಹೌದು ಎಂದರು.

ಮಾರನೆಯ ದಿನ ಮೇಷ್ಟ್ರ ತಮ್ಮ ಇಂಜಿನ್ ಬಿಚ್ಚಿ ಅಣ್ಣನನ್ನು ಕರೆಸಿದ. ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಅದರಿಂದ ಕೆಸರು ನೀರು ಸುರಿದಿತ್ತು. ಕಾಗದದ ಫಿಲ್ಟರ್ ನೆನೆದ ಬ್ರೆಡ್ಡಿನಂತಾಗಿತ್ತು. ಸೈಲೆನ್ಸರಿನಲ್ಲಿ ನೋಡಿದರೆ ಅಂಥದ್ದೇನೂ ಇಲ್ಲ. ನೀರು ಹಿಂದಿನಿಂದ ಬಂದದ್ದಲ್ಲ, ಮುಂದಿನಿಂದ ಬಂದದ್ದು. ಅವನು ಟಾರ್ಚ್ ಹಿಡಿದು ಬಂಪರಿನ ಹಿಂದೆ ತೋರಿಸಿದ. ಹೆಡ್‌ಲೈಟಿನ ಕೆಳಗೆ, ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ಕೊಳವೆಯೊಂದು ಬಾಯಿ ತೆರೆದುಕೊಂಡಿತ್ತು. ಇಂಜಿನ್ ಉಸಿರಾಡುವ ಮೂಗು ಅದೇ.

ಮೇಷ್ಟ್ರು ಅದರ ಪಕ್ಕ ನಿಂತು ಕೈಯಿಂದ ಅಳೆದುಕೊಂಡರು. ಕೊಳವೆಯ ಬಾಯಿ ಅವರ ಮಂಡಿಯ ಮಟ್ಟಕ್ಕಿತ್ತು. ಆಮೇಲೆ ಹೊರಗೆ ನಿಲ್ಲಿಸಿದ್ದ ತಮ್ಮ ಕಲಿಕೆಯ ಕಾರಿನ ಬಳಿ ಹೋಗಿ ಬಾನೆಟ್ ಎತ್ತಿದರು. ದಿನಾ ಎತ್ತುವ ಬಾನೆಟ್ಟೇ. ಎಣ್ಣೆ ನೋಡಲು, ನೀರು ಹಾಕಲು ಎತ್ತುತ್ತಿದ್ದರು, ಮೂಗನ್ನು ಹುಡುಕಲು ಎತ್ತಿದ್ದು ಅದೇ ಮೊದಲು. ಅದು ಮೇಲೆ, ಗಾಜಿನ ಬುಡದ ಹತ್ತಿರ, ಅವರ ಸೊಂಟಕ್ಕಿಂತ ಎತ್ತರದಲ್ಲಿತ್ತು. ಲಾರಿಯದು ಇನ್ನೂ ಎತ್ತರ, ಡ್ರೈವರ್ ಕೂರುವ ಗೂಡಿನ ಹಿಂದೆ ಇರುತ್ತಿತ್ತು. ಇಷ್ಟು ವರ್ಷ ನೀರು ದಾಟಿಸಿದ್ದು ಅವರ ಪಾಠವಲ್ಲ, ಗಾಡಿಯ ಮೂಗು.

"ಕಾಲು ಅದುಮಿದಷ್ಟೂ ಅದು ಜೋರಾಗಿ ಎಳೆಯುತ್ತೆ ಅಣ್ಣ" ಎಂದ ತಮ್ಮ. "ಗಾಳಿಯ ಬದಲು ನೀರು ಎಳೀತು. ಗಾಳಿಯಾದರೆ ಪಿಸ್ಟನ್ ಒತ್ತಿದ ಹಾಗೆ ಕುಗ್ಗುತ್ತೆ. ನೀರು ಕುಗ್ಗಲ್ಲ. ಏನಾದರೂ ಒಂದು ಬಾಗಲೇಬೇಕಲ್ಲ."

ಬಾಗಿದ್ದನ್ನು ಅವನು ತೋರಿಸಿದ. ಪಿಸ್ಟನ್ನಿಗೆ ಕಟ್ಟಿದ ಕಬ್ಬಿಣದ ರಾಡು, ಹೆಬ್ಬೆರಳು ದಪ್ಪದ್ದು, ನಡುವಿನಲ್ಲಿ ಸೊಟ್ಟಗಾಗಿತ್ತು. ಮೊದಲ ಸಲ ನಿಂತಾಗಲೇ ಕೈ ಕಟ್ಟಿ ಕೂತು, ಎಳೆಸಿಕೊಂಡು ಬಂದಿದ್ದರೆ ಪ್ಲಗ್ ಬಿಚ್ಚಿ ನೀರು ತೆಗೆದು ಇಂಜಿನ್ ಉಳಿಸಬಹುದಿತ್ತೇನೋ ಎಂದೂ ಹೇಳಿದ. ಆಮೇಲೆ ಸೆಲ್ಫ್ ಹೊಡೆದದ್ದು, ಅದೂ ಗೇರಿನಲ್ಲಿ ಹಾಕಿ ಹೊಡೆದದ್ದು, ಕೆಲಸ ಪೂರ್ತಿ ಮುಗಿಸಿತ್ತು.

ಮೇಷ್ಟ್ರು ಬಾಗಿದ ರಾಡನ್ನು ಕೈಗೆ ತೆಗೆದುಕೊಂಡರು. ಅಕ್ಕ ಕಾಲು ತೆಗೆದಿರಲಿಲ್ಲ. ಒಂದು ವೇಳೆ ಹೆದರಿ ತೆಗೆದಿದ್ದರೆ, ಪಾಠವನ್ನು ಅರ್ಧ ಮರೆತಿದ್ದರೆ, ಗಾಡಿ ಉಳಿಯುತ್ತಿತ್ತೋ ಏನೋ. ಅಷ್ಟು ಜನರಲ್ಲಿ ಪಾಠವನ್ನು ಎಳ್ಳಷ್ಟೂ ಬಿಡದೆ ಪಾಲಿಸಿದ ಶಿಷ್ಯೆಯ ತಲೆಯ ಮೇಲೇ ಅವರು ತಪ್ಪು ಹೊರಿಸಿ ಬಂದಿದ್ದರು.

ತಮ್ಮ ಒಳ್ಳೆಯವನು. ಅಣ್ಣನ ಮುಖ ನೋಡಿ, ಇಂಜಿನ್ ಬಿಚ್ಚಿದವನು ನಾನು, ನಾನು ಹೇಳಿದ್ದೇ ಕೊನೆ ಎಂದ. ಹಳೆಯ ಗಾಡಿ, ಒಳಗೆ ಮೊದಲೇ ಸವೆದಿತ್ತು ಎಂದು ಹೇಳಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ನಿನ್ನ ಹೆಸರಿಗೆ ಮಸಿ ಯಾಕೆ ಎಂದ. ಮೇಷ್ಟ್ರು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅದನ್ನೇ ಹೂಂ ಎಂದು ತಮ್ಮ ತಿಳಿದುಕೊಂಡ. ಸರಿಯಾಗಿಯೇ ತಿಳಿದುಕೊಂಡಿದ್ದ.

ಅಲ್ಲಿಂದ ಮೇಷ್ಟ್ರ ದಾರಿ ಬದಲಾಯಿತು. ಪಾಠಕ್ಕೆ ಹೊರಟ ಗಾಡಿ ಟೈಲರಕ್ಕನ ಮನೆಯ ಮುಂದೆ ಹೋಗುವುದನ್ನು ಬಿಟ್ಟು ಸುತ್ತು ಹಾಕತೊಡಗಿತು. ಕಲಿಯುವವರು ಈ ಕಡೆ ಯಾಕೆ ಮೇಷ್ಟ್ರೇ ಎಂದು ಕೇಳಿದರೆ ತಿರುವು ಕಲಿಯಲಿ ಅಂತ ಎನ್ನುತ್ತಿದ್ದರು. ಯಾರೂ ಅಡ್ಡ ಬರದಿದ್ದರೂ ಅವರ ಕಾಲು ಬ್ರೇಕ್ ಒತ್ತುತ್ತಿತ್ತು. ಹುಡುಗಿಯೊಬ್ಬಳು, ನಾನು ಏನೂ ತಪ್ಪು ಮಾಡಲಿಲ್ಲವಲ್ಲ ಎಂದು ಅಳುಮೋರೆ ಮಾಡಿದಳಂತೆ. ಮೇಷ್ಟ್ರು ಅವಳ ಮುಖ ನೋಡಲಾರದೆ ಗಾಡಿಯಿಂದ ಇಳಿದು, ಟೈರಿನ ಗಾಳಿ ನೋಡುವವರಂತೆ ಬಗ್ಗಿ ನಿಂತರಂತೆ.

ಅವರ ಪ್ಯಾಂಟಿನ ಅಂಚು ಬಿಚ್ಚಿಕೊಂಡಿತ್ತು. ಹೆಂಡತಿ ಅದನ್ನು ಟೈಲರಕ್ಕನಿಗೆ ಕಳಿಸಲು ಮಡಚಿಟ್ಟರೆ ಮೇಷ್ಟ್ರು ತೆಗೆದು ಹಾಗೇ ಹಾಕಿಕೊಂಡು ಹೋದರು. ಹೆಂಡತಿ ಅಡುಗೆಮನೆಯಿಂದಲೇ, ಯಾರಿಗೆ ಮುಖ ತೋರಿಸಲು ಆಗುತ್ತಿಲ್ಲ ನಿಮಗೆ ಎಂದು ಕೇಳಿದರು. ಮೇಷ್ಟ್ರು ಬಿಚ್ಚಿದ ಅಂಚನ್ನು ಎಳೆಯುತ್ತಾ ಗೇಟು ದಾಟಿದರು.

ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಟು ಮೆಟ್ಟಿಲು ಇಳಿಯುತ್ತಿದ್ದೆ. ಟೈಲರಕ್ಕ ಗೇಟಿನ ಒಳಗೆ ಕಲಿಕೆಯ ಕಾರಿನ ಪಕ್ಕ ನಿಂತಿದ್ದರು. ಮೇಷ್ಟ್ರು ಕಾರು ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದರು, ಅದರಿಂದ ನೀರು ತೊಟ್ಟಿಕ್ಕಿ ಅವರ ಸವೆದ ಷೂ ಮೇಲೆ ಬೀಳುತ್ತಿತ್ತು.

"ನನಗೆ ನೀರಿನ ಪಾಠ ಇನ್ನೊಂದು ಸಲ ಹೇಳಿಕೊಡಿ ಮೇಷ್ಟ್ರೇ" ಎಂದರು ಅಕ್ಕ. "ಮಷೀನ್ ಮೇಲೆ ಕೂತು ಎಷ್ಟೋ ಸಲ ನೋಡ್ಕೊಂಡೆ. ನಾನು ಎತ್ತದೆ ನನ್ನ ಕಾಲು ತಾನಾಗಿ ಮೇಲೆ ಬರಲ್ಲ. ಅವತ್ತು ಒಂದು ದಿನ ಹೇಗೆ ಬಂತು ಅಂತ ಗೊತ್ತಾಗಬೇಕು. ಗೊತ್ತಾಗದೇ ಇದ್ದರೆ ನಾನು ಇನ್ನು ಗಾಡಿ ಮುಟ್ಟಬಾರದು. ಭಾವ ಹೇಳೋದೇ ಸರಿ."

ಮೇಷ್ಟ್ರು ಬಟ್ಟೆಯನ್ನು ಬಾನೆಟ್ ಮೇಲೆ ಇಟ್ಟರು. ಸಂಜೆ ಮನೆಗೆ ಬರುತ್ತೇನೆ ಎಂದಷ್ಟೇ ಹೇಳಿದರು.

ಆ ದಿನ ಅವರು ಪಾಠ ಮಾಡಲಿಲ್ಲ. ಮಧ್ಯಾಹ್ನ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಹೆಂಡತಿ ಪೂರ್ತಿ ಕೇಳಿ, ನನಗೆ ಹೇಳಿ ಏನು ಬಂತು, ಹೇಳಬೇಕಾದ ಮನೆ ನೀವು ಬಳಸಿ ಹೋಗುವ ಆ ಬೀದಿಯಲ್ಲಿದೆ ಎಂದರು. ಸಂಜೆ ನಾನು ಬಂದಾಗ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಒಬ್ಬನೇ ಹೋದರೆ ಅರ್ಧ ದಾರಿಯಲ್ಲಿ ತಿರುಗಿ ಬರುತ್ತೇನೆ, ನೀನೂ ಜೊತೆಗೆ ಬಾ ಎಂದರು. ಅವರ ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಅಕ್ಕನ ಬೀದಿಯಲ್ಲಿ ಎರಡು ಸಲ ಅವರ ನಡಿಗೆ ನಿಧಾನವಾಯಿತು. ನಾನು ಮುಂದೆ ನಡೆದೆ, ಅವರು ಹಿಂದೆ ಬಂದರು.

ಅಕ್ಕನ ಹೊಲಿಗೆಯ ಕೋಣೆಯಲ್ಲಿ ಬಿಳಿ ಬಟ್ಟೆ ನೆಲದಿಂದ ಕಿಟಕಿಯವರೆಗೂ ಪೇರಿಸಿತ್ತು. ಯಂತ್ರದ ಮೇಲಿನ ಸಣ್ಣ ದೀಪದ ಬೆಳಕಿನಲ್ಲಿ ಅಕ್ಕ ಅಂಚು ಹೊಲಿಯುತ್ತಿದ್ದರು. ಭಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಮೇಷ್ಟ್ರನ್ನು ನೋಡಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮೇಷ್ಟ್ರು ಕೂರಲಿಲ್ಲ.

"ಇವರು ಕಾಲು ತೆಗೆದಿಲ್ಲ" ಎಂದರು. "ನಾನು ಹೇಳಿದ ಹಾಗೇ ಮಾಡಿದ್ದಾರೆ. ನಾನು ಹೇಳಿಕೊಟ್ಟಿದ್ದೇ ತಪ್ಪು."

ಭಾವ ನಕ್ಕು, ಅವರ ತೋಳು ಹಿಡಿದು ಕುರ್ಚಿಯ ಕಡೆ ಎಳೆದರು. ನನ್ನ ಕಡೆ ತಿರುಗಿ, "ನೋಡಿದ್ರಾ, ದೊಡ್ಡ ಮನಸ್ಸು ಅಂದ್ರೆ ಇದು. ನಮ್ಮ ಹೆಂಗಸಿನ ಮರ್ಯಾದೆ ಉಳಿಸೋಕೆ ತಪ್ಪನ್ನ ತಮ್ಮ ತಲೆಗೆ ಕಟ್ಟಿಕೊಳ್ತಾ ಇದ್ದಾರೆ" ಎಂದರು. ಕಾಫಿ ತರಿಸಲು ಒಳಗೆ ಕೂಗಿದರು.

ಇದನ್ನು ಮೇಷ್ಟ್ರು ನೆನೆಸಿಯೇ ಇರಲಿಲ್ಲ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದಿದ್ದರು. ಬೈಗುಳದ ಜಾಗದಲ್ಲಿ ಮರ್ಯಾದೆ ಬಂತು, ಕಾಫಿ ಬಂತು. ಇಷ್ಟು ವರ್ಷ ಕೂಡಿಟ್ಟ ಒಳ್ಳೆಯ ಹೆಸರು ಈಗ ಅವರ ಮಾತನ್ನೇ ನಂಬಲು ಬಿಡುತ್ತಿರಲಿಲ್ಲ. ಅವರು ಲೋಟ ಮುಟ್ಟದೆ, ಬಟ್ಟೆಯ ಗಂಟು ಬಿಚ್ಚಿ ಸೊಟ್ಟಗಾದ ರಾಡನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟರು. ಅಕ್ಕನ ಗುರುತಿನ ಚಾಕ್ ಪೀಸು ಅಲ್ಲೇ ಇತ್ತು, ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ. ಅದರಿಂದ ಮೇಜಿನ ಮೇಲೆ ಎರಡು ಕಾರು ಬರೆದರು. ಒಂದರ ಮೂಗು ಮೇಲೆ, ಒಂದರದು ಕೆಳಗೆ. ನೀರಿನ ಗೆರೆ ಎಳೆದರು. ಗೆರೆ ಒಂದರ ಮೂಗಿನ ಕೆಳಗೇ ಉಳಿಯಿತು, ಇನ್ನೊಂದರ ಮೂಗನ್ನು ಮುಚ್ಚಿತು. ಶಿಷ್ಯರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. ತಾವು ತಪ್ಪು ಎಂದು ಅಷ್ಟು ಶ್ರದ್ಧೆಯಿಂದ ಪಾಠ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಭಾವನ ನಗು ನಿಧಾನವಾಗಿ ಇಳಿಯಿತು. ಯಂತ್ರವೂ ನಿಂತಿತ್ತು. ಅಕ್ಕ ಎದ್ದು ಬಂದು ರಾಡನ್ನು ಎತ್ತಿ, ಸೊಟ್ಟಗಿದ್ದ ಜಾಗದ ಮೇಲೆ ಬೆರಳಾಡಿಸಿದರು.

"ಹಾಗಾದರೆ ಅವತ್ತು ಗ್ಯಾರೇಜಲ್ಲಿ ಯಾಕೆ ಹಾಗಂದ್ರಿ?"

"ಅವತ್ತು ನನಗೂ ಗೊತ್ತಿರಲಿಲ್ಲ ತಾಯಿ."

"ಗೊತ್ತಾಗಿದ್ದು ಯಾವಾಗ?"

ಇವತ್ತು ಎಂದು ಹೇಳಬಹುದಿತ್ತು. ಅಲ್ಲಿ ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಾರನೇ ದಿನವೇ."

ಅಕ್ಕ ರಾಡನ್ನು ಮೇಜಿನ ಮೇಲೆ ಇಟ್ಟರು. ಹೋಗಿ ಯಂತ್ರದ ಮುಂದೆ ಕೂತು, ನಿಲ್ಲಿಸಿದ್ದ ಅಂಚನ್ನು ಕೊನೆಯವರೆಗೂ ಹೊಲಿದರು. ನಾವು ಮೂವರೂ ಆ ಸದ್ದು ಕೇಳುತ್ತಾ ನಿಂತಿದ್ದೆವು. ದಾರ ಕತ್ತರಿಸಿದ ಮೇಲೆ ಮೇಷ್ಟ್ರು, ನನ್ನ ತಮ್ಮ ಕೂಲಿ ಕೇಳದೆ ಇಂಜಿನ್ ಕಟ್ಟಿಕೊಡುತ್ತಾನೆ, ಸಾಮಾನಿನ ಹೊಣೆ ನನ್ನದು, ಅಲ್ಲಿಯವರೆಗೆ ಆಸ್ಪತ್ರೆಯ ಗಂಟುಗಳನ್ನು ನನ್ನ ಗಾಡಿಯಲ್ಲಿ ನಾನೇ ಮುಟ್ಟಿಸುತ್ತೇನೆ ಎಂದರು.

"ಗಾಡಿ ಸಾಕು ಮೇಷ್ಟ್ರೇ" ಎಂದರು ಅಕ್ಕ. "ನೀವು ಬೇಡ."

ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರ ಕಡೆ ನೋಡದೆ ಮೇಷ್ಟ್ರ ಮುಂದೆ ಕೈ ಚಾಚಿದರು. ಮೇಷ್ಟ್ರು ಜೇಬಿನಿಂದ ಕೀ ತೆಗೆದು ಕೊಟ್ಟರು. ಹೊರಗೆ ಬಂದ ಮೇಲೆ ನೋಡಿದರೆ ಟೋಪಿ ಇನ್ನೂ ಕೈಯಲ್ಲೇ ಇತ್ತು. ಮನೆಯವರೆಗೂ ಹಾಗೇ ಬಂದರು.

ಹೀಗೆ ವಾರಕ್ಕೊಂದು ಮಧ್ಯಾಹ್ನ ಕಲಿಕೆಯ ಕಾರು ಟೈಲರಕ್ಕನ ಕೈಗೆ ಹೋಗುತ್ತಿತ್ತು. ನೆತ್ತಿಯ ಮೇಲೆ ಮೇಷ್ಟ್ರ ಡ್ರೈವಿಂಗ್ ಶಾಲೆಯ ಹಲಗೆ, ಹಿಂದಿನ ಸೀಟಿನಲ್ಲಿ ಬಿಳಿ ಗಂಟುಗಳು, ಪಕ್ಕದಲ್ಲಿ ಯಾರೂ ತುಳಿಯದ ಬ್ರೇಕು. ಬೀದಿಯವರು, ಅಕ್ಕ ಈಗ ಮೇಷ್ಟ್ರಿಗೇ ಕಲಿಸುತ್ತಿದ್ದಾರಂತೆ ಎಂದು ಆಡಿಕೊಂಡರು. ಮೇಷ್ಟ್ರಿಗೆ ಅದು ಕೇಳಿಸುತ್ತಿತ್ತು. ಅವರು ಬೇಡವೆನ್ನಲಿಲ್ಲ.

ಹಳೆಯ ಶಿಷ್ಯರು ಸಿಕ್ಕಿದಲ್ಲೆಲ್ಲ ಅವರನ್ನು ನಿಲ್ಲಿಸಿ ಮೇಷ್ಟ್ರು ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ನೀರು ಕಂಡರೆ ನಿಲ್ಲಿಸಿ, ತಿರುಗಿಸಿ. ಇಂಜಿನ್ ನೀರಲ್ಲಿ ನಿಂತರೆ ಕೀ ಮುಟ್ಟಬೇಡಿ. ಜನ ತಲೆಯಾಡಿಸುತ್ತಿದ್ದರು. ಬೆನ್ನ ಹಿಂದೆ ಮೇಷ್ಟ್ರಿಗೆ ವಯಸ್ಸಾಯಿತು ಎನ್ನುತ್ತಿದ್ದರು. ಶಿಷ್ಯರ ಕಾಲಿಗೆ ಇಳಿದಿದ್ದ ಪಾಠ ಕಿವಿಗೆ ಹೇಳಿದ ಮಾತಿನಿಂದ ಅಷ್ಟು ಸುಲಭವಾಗಿ ಹೊರಗೆ ಬರುವಂಥದ್ದಾಗಿರಲಿಲ್ಲ. ನನ್ನ ಕಾಲನ್ನೇ ನೋಡಿಕೊಂಡು ಇದನ್ನು ಹೇಳುತ್ತಿದ್ದೇನೆ.

ಮತ್ತೆ ದೊಡ್ಡ ಮಳೆ ಬಂದದ್ದು ಒಂದು ಮಧ್ಯಾಹ್ನ. ನಾನು ಆಫೀಸಿನಿಂದ ಬೇಗ ಹೊರಟು ಬರುವಾಗ ಅಂಡರ್‌ಪಾಸಿನ ಬಾಯಲ್ಲಿ ಜನ ಸೇರಿದ್ದರು. ಮೇಷ್ಟ್ರು ಕೊಡೆ ಹಿಡಿದು ನೀರಿಗೆ ಇಳಿದು ನಿಂತಿದ್ದರು. ಅಳತೆಗೋಲಿನಂತೆ ನಿಂತಿದ್ದರು ಎನ್ನಬೇಕು, ನೀರು ಮಂಡಿಯ ಮೇಲಕ್ಕೆ ಬಂದಿತ್ತು. ಇನ್ನೊಂದು ಕೈಯನ್ನು ಮೇಲೆತ್ತಿ, ಬರುವ ಗಾಡಿಗಳಿಗೆ ನಿಲ್ಲಿ ಎಂದು ಅಂಗೈ ತೋರಿಸುತ್ತಿದ್ದರು.

ಮೊದಲು ಬಂದದ್ದು ಔಷಧಿ ಅಂಗಡಿಯವರ ಕಾರು, ಅವರು ಹಳೆಯ ಶಿಷ್ಯರು. ಮೇಷ್ಟ್ರನ್ನು ಕಂಡು ಮುಖ ಅರಳಿತು. ಗಾಜು ಇಳಿಸಿ, "ನೋಡ್ತಾ ಇರಿ ಮೇಷ್ಟ್ರೇ, ಕಾಲು ತೆಗೆಯಲ್ಲ" ಎಂದು ಕೂಗಿ, ಎಕ್ಸಲೇಟರ್ ಪೂರ್ತಿ ಅದುಮಿದರು. ಅಲೆ ಎದ್ದು ಮೇಷ್ಟ್ರ ಸೊಂಟದವರೆಗೂ ತೋಯಿಸಿತು. ಅದೃಷ್ಟಕ್ಕೆ ಗಾಡಿ ಆಚೆ ಹತ್ತಿತು, ಮೇಷ್ಟ್ರಿಗೆಂದು ಹಾರ್ನ್ ಬಾರಿಸಿ ಹೋಯಿತು. ಅದರ ಹಿಂದೆ ಇನ್ನೊಂದು, ಅದೂ ಶಿಷ್ಯನದೇ. ಮೇಷ್ಟ್ರು ಬೇಡ ಬೇಡ ಎಂದು ಕೈ ಆಡಿಸಿದಷ್ಟೂ ಅವನು ಹುರುಪಿನಿಂದ ಅದುಮಿದ, ಹೇಗೋ ದಾಟಿಹೋದ. ಎತ್ತಿದ ಕೈಯನ್ನು ಜನ ಶಹಬ್ಬಾಸ್ ಎಂದುಕೊಂಡಿದ್ದರು. ಆಚೆ ದಡದಲ್ಲಿ ಬೇಕರಿಯವನು ಬನ್ನಿನ ತಟ್ಟೆ ಹೊರಗಿಟ್ಟಿದ್ದ.

ಮೂರನೆಯದು ಕಲಿಕೆಯ ಕಾರು. ಹಲಗೆಯ ಮೇಲಿನ ಮೇಷ್ಟ್ರ ಹೆಸರು ಮಳೆಯಲ್ಲಿ ಹೊಳೆಯುತ್ತಿತ್ತು. ಒಳಗೆ ಟೈಲರಕ್ಕ, ಹಿಂದೆ ಗಂಟುಗಳ ನಡುವೆ ಭಾವ. ಅದರ ಬೆನ್ನಿಗೆ ಐದಾರು ಗಾಡಿಗಳು ಸಾಲುಗಟ್ಟಿದ್ದವು.

ಮೇಷ್ಟ್ರ ಕೈ ಒಂದು ಕ್ಷಣ ತಡೆಯಿತು. ಆಮೇಲೆ, ನಿಲ್ಲಿ ಎನ್ನುತ್ತಿದ್ದ ಅದೇ ಕೈಯಿಂದ, ಬನ್ನಿ ಎಂದು ಸನ್ನೆ ಮಾಡಿದರು. ಆ ಗಾಡಿಯ ಮೂಗು ಮೇಲಿದೆ, ಅದಕ್ಕೆ ಪರವಾಗಿಲ್ಲ, ಅದು ಎಷ್ಟು ಮಳೆಗಾಲ ದಾಟಿದ ಗಾಡಿ. ಅದೊಂದಾದರೂ ದಾಟಲಿ ಎಂಬ ಆಸೆ ಅವರ ಮುಖದಲ್ಲಿ ಬಚ್ಚಿಡಲಾರದಷ್ಟು ಕಾಣುತ್ತಿತ್ತು.

ಅಕ್ಕ ನೀರಿನ ಅಂಚಿಗೆ ಗಾಡಿ ನಿಲ್ಲಿಸಿದರು. ಕರೆಯುತ್ತಿದ್ದ ಕೈಯನ್ನು ನೋಡಿದರು. ಮಂಡಿಯ ಮೇಲೆ ಬಂದಿದ್ದ ನೀರನ್ನು ನೋಡಿದರು. ರಿವರ್ಸ್ ಗೇರಿನ ಬಿಳಿ ದೀಪ ಹತ್ತಿತು. ಹಿಂದಿದ್ದವರು ಒಬ್ಬೊಬ್ಬರೇ ಜಾಗ ಬಿಟ್ಟರು. ಇಕ್ಕಟ್ಟಿನ ರಸ್ತೆಯಲ್ಲಿ ಅಕ್ಕ ಗಾಡಿಯನ್ನು ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ತಂದು, ಗೋಡೆಗೂ ಮೋರಿಗೂ ತಾಗಿಸದೆ ಪೂರ್ತಿ ತಿರುಗಿಸಿದರು. ಭಾವ ಕಿಟಕಿಯಿಂದ ಕೈ ಹೊರಹಾಕಿ, ಸರಿಯಿರಿ ಸರಿಯಿರಿ ಎಂದು ಹಿಂದಿನವರಿಗೆ ಸನ್ನೆ ಮಾಡುತ್ತಿದ್ದರು. ದೂರದ ಮೇಲ್ಸೇತುವೆಯ ದಾರಿ ಹಿಡಿದು ಗಾಡಿ ಹೋಯಿತು. ಅಕ್ಕ ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ.

ಹಿಂದೆ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರ ಗಾಡಿಯೇ ವಾಪಸ್ ಹೋಯ್ತಲ್ಲಪ್ಪ ಎಂದು ಯಾರೋ ಅಂದರು. ಮೊದಲಿನವನು ರಿವರ್ಸ್ ಹಾಕಿದ. ಅವನ ಹಿಂದಿನವನೂ ಹಾಕಿದ. ಸ್ವಲ್ಪ ಹೊತ್ತಿಗೆ ರಸ್ತೆ ಖಾಲಿಯಾಯಿತು.

ಮೇಷ್ಟ್ರ ಕೈ ಇನ್ನೂ ಕರೆಯುವ ಹಾಗೆಯೇ ಚಾಚಿಕೊಂಡಿತ್ತು. ಅದನ್ನು ಅವರು ಈಗ ನೋಡಿಕೊಂಡು ಕೆಳಗಿಳಿಸಿದರು. ನೀರಿನಿಂದ ಎದ್ದು ಬಂದರು. ಪ್ಯಾಂಟಿನ ಬಿಚ್ಚಿದ ಅಂಚು ಒದ್ದೆಯಾಗಿ ಹಿಮ್ಮಡಿಗೆ ಸುತ್ತಿಕೊಂಡಿತ್ತು. ನಾನು ಕೊಡೆ ತೆಗೆದುಕೊಂಡೆ.

"ಚೆನ್ನಾಗಿ ತಿರುಗಿಸಿದ್ಲು" ಎಂದರು.

ಮನೆಯ ಗೇಟು ಬರುವವರೆಗೂ ನಾನು ಕಾದೆ. "ಅದು ನಾನು ಕಲಿಸಿದ್ದು" ಎಂದು ಅವರು ಹೇಳಲಿಲ್ಲ.